ಮೂರು ಗುಲಾಬಿ ತ್ರಿಕೋನಗಳು

ಮಾನವ ಹಕ್ಕುಗಳ ಸ್ಮಾರಕಗಳನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮಕ್ಕೆ ದೃಶ್ಯಗಳನ್ನು ಹೊಂದಿಸುತ್ತಿದ್ದ ದಿನ ಸಂಕಲನ ಕೊಠಡಿಯಲ್ಲಿ ನಡೆದ ಒಂದು ಸಣ್ಣ ಮಾತಿನಿಂದ ಈ ಬರಹವನ್ನು ಆರಂಭಿಸುತ್ತೇನೆ. ಆಮ್‌ಸ್ಟರ್‌ಡಾಮ್ ನಗರದ ಒಂದು ತುಣುಕು ಪರದೆಯ ಮೇಲೆ ಓಡುತ್ತಿತ್ತು. ನಮ್ಮ ಸಂಕಲನಕಾರರು ಅದನ್ನು ಹಿಂದಕ್ಕೂ ಮುಂದಕ್ಕೂ ಎರಡು ಮೂರು ಬಾರಿ ಓಡಿಸಿ, "ಸಾರ್, ಇದರಲ್ಲಿ ಸ್ಮಾರಕ ಎಲ್ಲಿದೆ? ಚರ್ಚು ಕಾಣ್ತಿದೆ, ಕಾಲುವೆ ಕಾಣ್ತಿದೆ, ಸೈಕಲ್ಲಿನವರು ಕಾಣ್ತಿದಾರೆ. ಸ್ಮಾರಕ ಮಾತ್ರ ಕಾಣ್ತಿಲ್ಲ" ಎಂದರು.

"ಅಲ್ಲಿ ಒಬ್ಬ ಹುಡುಗಿ ಕಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿದಾಳಲ್ಲ, ಆ ಕಲ್ಲೇ ಸ್ಮಾರಕ" ಎಂದೆ. ಅವರು ನಂಬಲಿಲ್ಲ. ಅವರ ತಪ್ಪೂ ಅಲ್ಲ. ಸ್ಮಾರಕ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕಂಬ, ಕುದುರೆಯೇರಿದ ವೀರ, ಕೈ ಎತ್ತಿ ನಿಂತ ನಾಯಕ, ಸುತ್ತಲೂ ಕಬ್ಬಿಣದ ಬೇಲಿ. ಕ್ಯಾಮೆರಾ ಕೂಡ ಅಂಥದ್ದನ್ನೇ ಬಯಸುತ್ತದೆ. ಈ ಸ್ಮಾರಕವಾದರೋ ನೆಲದ ಮೇಲೆ ಮೈಚಾಚಿ ಮಲಗಿದೆ. ಒಂದೇ ಚೌಕಟ್ಟಿನಲ್ಲಿ ಪೂರ್ತಿಯಾಗಿ ಹಿಡಿಯಬೇಕೆಂದರೆ ಪಕ್ಕದ ಚರ್ಚಿನ ಗೋಪುರವನ್ನೇ ಹತ್ತಬೇಕು.

ಕಾರ್ಯಕ್ರಮದಲ್ಲಿ ಈ ದೃಶ್ಯಕ್ಕೆ ದೊರೆತದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅಷ್ಟರಲ್ಲಿ ಹೇಳಲಾಗದ ಕಥೆ ಇದರ ಹಿಂದಿದೆ. ಇದು ಸಲಿಂಗಪ್ರೇಮಿಗಳ, ಅಂದರೆ ಗೇ ಮತ್ತು ಲೆಸ್ಬಿಯನ್ ಸಮುದಾಯದ ಜನ ತಾವೇ ಮುಂದೆ ನಿಂತು ಕಟ್ಟಿಸಿದ ಸ್ಮಾರಕ. ದೇಶವೊಂದು ತನ್ನ ಸತ್ತವರನ್ನು ಎಣಿಸುವಾಗ ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಯಾರನ್ನು ಬಿಡುತ್ತದೆ, ಬಿಟ್ಟುಹೋದವರು ಆಮೇಲೆ ಏನು ಮಾಡುತ್ತಾರೆ ಎಂಬ ಪ್ರಶ್ನೆ ಇದರಲ್ಲಿದೆ. ಆಸಕ್ತ ವೀಕ್ಷಕರಿಗಾಗಿ ಆ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಪ್ರಯತ್ನಿಸಿದ್ದೇನೆ.

ಬಟ್ಟೆಯ ತುಂಡಿನ ಲೆಕ್ಕಾಚಾರ

ಕಥೆಗೆ ಮೊದಲು ಜರ್ಮನಿಗೆ ಹೋಗಬೇಕು. ಅಲ್ಲಿನ ದಂಡಸಂಹಿತೆಯ 175ನೆಯ ಕಲಮು 1871ರಿಂದಲೂ ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆಂದು ಹೇಳುತ್ತಿತ್ತು. ಅದನ್ನು ರದ್ದು ಮಾಡಿಸಬೇಕೆಂದು ಹೊರಟವರು ವೈದ್ಯ ಮಾಗ್ನುಸ್ ಹಿರ್ಶ್‌ಫೆಲ್ಡ್. ಅವರು 1897ರಲ್ಲಿ ಬರ್ಲಿನ್ನಿನಲ್ಲಿ ಒಂದು ಸಮಿತಿಯನ್ನು ಕಟ್ಟಿದರು. 1919ರಲ್ಲಿ ಲೈಂಗಿಕ ವಿಜ್ಞಾನಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದರು. ಇದೇ ಹಿರ್ಶ್‌ಫೆಲ್ಡ್ ತಮ್ಮ ವಿಶ್ವಪ್ರವಾಸದಲ್ಲಿ 1931ರಲ್ಲಿ ಭಾರತಕ್ಕೂ ಬಂದಿದ್ದರು. ಆದರೆ ಅವರು ಮತ್ತೆ ತಮ್ಮ ಸಂಸ್ಥೆಗೆ ಹಿಂದಿರುಗಲಾಗಲಿಲ್ಲ. 1933ರ ಮೇ 6ರಂದು ನಾಜಿ ಬೆಂಬಲಿಗರು ಅದನ್ನು ದೋಚಿದರು. ನಾಲ್ಕೇ ದಿನಗಳ ನಂತರ ಬರ್ಲಿನ್ನಿನ ಚೌಕದಲ್ಲಿ ನಡೆದ ಪುಸ್ತಕ ದಹನದಲ್ಲಿ ಆ ಗ್ರಂಥಾಲಯವೂ ಬೂದಿಯಾಯಿತು. ಹಿರ್ಶ್‌ಫೆಲ್ಡ್ 1935ರಲ್ಲಿ ಪರದೇಶದಲ್ಲೇ ತೀರಿಕೊಂಡರು.

ಅದೇ 1935ರಲ್ಲಿ ನಾಜಿ ಸರ್ಕಾರ 175ನೆಯ ಕಲಮನ್ನು ಇನ್ನಷ್ಟು ಬಿಗಿಗೊಳಿಸಿತು. ನಾಜಿ ಆಡಳಿತದ ಹನ್ನೆರಡು ವರ್ಷಗಳಲ್ಲಿ ಸುಮಾರು 1,00,000 ಗಂಡಸರ ಬಂಧನವಾಯಿತು, ಸುಮಾರು 50,000 ಮಂದಿಗೆ ಶಿಕ್ಷೆಯಾಯಿತು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ 5,000ದಿಂದ 15,000 ಮಂದಿಯನ್ನು ಸೆರೆಶಿಬಿರಗಳಿಗೆ ಕಳುಹಿಸಲಾಯಿತು. ಬಹಳ ಜನ ಅಲ್ಲಿಂದ ಹಿಂದಿರುಗಲಿಲ್ಲ.

ವಿಜ್ಞಾನ ಓದಿದ ನನಗೆ ವರ್ಗೀಕರಣ ಎಂಬ ಪದದ ಮೇಲೆ ಒಂದು ಗೌರವವಿತ್ತು. ಗಿಡಗಳನ್ನು, ಕೀಟಗಳನ್ನು, ಮೂಲವಸ್ತುಗಳನ್ನು ಗುಂಪು ಮಾಡುವುದು ಅರಿವಿನ ಮೊದಲ ಮೆಟ್ಟಿಲೆಂದು ನಮಗೆ ಕಲಿಸಿದ್ದರು. ಆ ಶಿಬಿರಗಳ ಪಟ್ಟಿಯನ್ನು ನೋಡಿದ ದಿನ ಆ ಗೌರವಕ್ಕೆ ಪೆಟ್ಟು ಬಿತ್ತು. ಕೈದಿಗಳ ಅಂಗಿಯ ಮೇಲೆ ಬಟ್ಟೆಯ ತ್ರಿಕೋನ ಹೊಲಿಯುತ್ತಿದ್ದರು. ರಾಜಕೀಯ ಕೈದಿಗಳಿಗೆ ಕೆಂಪು, ಅಪರಾಧಿಗಳೆನಿಸಿಕೊಂಡವರಿಗೆ ಹಸಿರು, 'ಸಮಾಜಕ್ಕೆ ಹೊರತಾದವರು' ಎಂದು ಹಣೆಪಟ್ಟಿ ಹಚ್ಚಿದವರಿಗೆ ಕಪ್ಪು, ಯೆಹೋವನ ಸಾಕ್ಷಿಗಳಿಗೆ ನೇರಳೆ. ಯೆಹೂದಿಗಳಿಗೆ ಎರಡು ಹಳದಿ ತ್ರಿಕೋನ ಸೇರಿಸಿದ ನಕ್ಷತ್ರ. ಸಲಿಂಗಪ್ರೇಮಿ ಗಂಡಸರಿಗೆ ಗುಲಾಬಿ. 175ನೆಯ ಕಲಮು ಹೆಂಗಸರಿಗೆ ಅನ್ವಯವಾಗುತ್ತಿರಲಿಲ್ಲ. ಹಾಗೆಂದು ಅವರು ಪಾರಾದರು ಎಂದಲ್ಲ. ಲೆಸ್ಬಿಯನ್ ಮಹಿಳೆಯರಲ್ಲಿ ಕೆಲವರು ಬೇರೆ ಬೇರೆ ನೆಪಗಳಲ್ಲಿ, ಬೇರೆ ಬಣ್ಣದ ತ್ರಿಕೋನ ಹೊತ್ತು ಅದೇ ಶಿಬಿರಗಳನ್ನು ಸೇರಿದರು. ಅದರಿಂದಾಗಿ ಆಮೇಲಿನ ದಾಖಲೆಗಳಲ್ಲಿ ಅವರನ್ನು ಗುರುತಿಸುವುದೇ ಕಷ್ಟವಾಯಿತು.

ಯುದ್ಧ ಮುಗಿಯಿತು, ಕಾನೂನು ಮುಗಿಯಲಿಲ್ಲ

1945ರಲ್ಲಿ ಶಿಬಿರಗಳ ಬಾಗಿಲು ತೆರೆಯಿತು. ಉಳಿದ ಬಣ್ಣಗಳ ತ್ರಿಕೋನ ಧರಿಸಿದ್ದ ಹಲವರಿಗೆ, ತಡವಾಗಿಯಾದರೂ, ಸಂತ್ರಸ್ತರೆಂಬ ಹೆಸರು ಸಿಕ್ಕಿತು. ಗುಲಾಬಿ ತ್ರಿಕೋನದವರಿಗೆ ಆ ಹೆಸರೂ ಸಿಗಲಿಲ್ಲ. ಪಶ್ಚಿಮ ಜರ್ಮನಿ 175ನೆಯ ಕಲಮನ್ನು ನಾಜಿಗಳು ತಿದ್ದಿದ ರೂಪದಲ್ಲಿಯೇ 1969ರವರೆಗೂ ಉಳಿಸಿಕೊಂಡಿತು. 1957ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಇಪ್ಪತ್ತು ವರ್ಷಗಳಲ್ಲಿ ಮತ್ತೆ ಸುಮಾರು 50,000 ಮಂದಿಗೆ ಶಿಕ್ಷೆಯಾಯಿತು. ಕಲಮು ಪೂರ್ತಿಯಾಗಿ ಅಳಿಸಿಹೋದದ್ದು 1994ರಲ್ಲಿ. ನಾಜಿ ಕಾಲದ ತೀರ್ಪುಗಳನ್ನು 2002ರಲ್ಲೂ, ಯುದ್ಧಾನಂತರದ ತೀರ್ಪುಗಳನ್ನು 2017ರಲ್ಲೂ ರದ್ದು ಮಾಡಲಾಯಿತು. ಅಷ್ಟು ಹೊತ್ತಿಗೆ ಶಿಕ್ಷೆ ಅನುಭವಿಸಿದವರಲ್ಲಿ ಬಹುಪಾಲು ಜನ ಬದುಕಿರಲಿಲ್ಲ. ಶಿಬಿರದಿಂದ ಬಂದವನೊಬ್ಬ ತಾನು ಏಕೆ ಅಲ್ಲಿದ್ದೆ ಎಂದು ಹೇಳಿಕೊಂಡರೆ, ಅದು ದೂರಾಗುವ ಬದಲು ತಪ್ಪೊಪ್ಪಿಗೆಯಾಗುತ್ತಿತ್ತು. ಹೀಗಿರುವಾಗ ಅವನು ಯಾರ ಮುಂದೆ ಅಳಬೇಕು?

ನೆದರ್ಲೆಂಡ್ಸ್ ದೇಶದ ಕಥೆ ಸ್ವಲ್ಪ ಬೇರೆ. ಅಲ್ಲಿ ಫ್ರೆಂಚ್ ದಂಡಸಂಹಿತೆ ಜಾರಿಗೆ ಬಂದ 1811ರಲ್ಲಿಯೇ ಸಲಿಂಗ ಸಂಬಂಧ ಅಪರಾಧಗಳ ಪಟ್ಟಿಯಿಂದ ಹೊರಬಿದ್ದಿತ್ತು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾಗಿ, 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 377ನೆಯ ಕಲಮಿನೊಂದಿಗೆ ಆ ಅಪರಾಧ ಒಳಗೆ ಬಂತು. ಒಂದು ಸೇನೆ ಹೊತ್ತು ತಂದ ಕಾನೂನು ಒಂದು ಕಡೆ ಬಾಗಿಲು ತೆರೆಯಿತು, ಮತ್ತೊಂದು ಸೇನೆಯ ಕಾನೂನು ಇನ್ನೊಂದು ಕಡೆ ಬಾಗಿಲು ಹಾಕಿತು.

ಆದರೆ ತೆರೆದ ಬಾಗಿಲೂ ಪೂರ್ತಿ ತೆರೆದಿರಲಿಲ್ಲ. 1911ರಲ್ಲಿ ನೆದರ್ಲೆಂಡ್ಸ್ 248ಬಿಸ್ ಎಂಬ ಹೊಸ ಕಲಮನ್ನು ಸೇರಿಸಿತು. ಗಂಡುಹೆಣ್ಣಿನ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸು 16 ಆಗಿದ್ದರೆ, ಸಲಿಂಗ ಸಂಬಂಧಕ್ಕೆ ಅದನ್ನು 21 ಮಾಡಿತು. ಇದನ್ನು ವಿರೋಧಿಸಲು ನ್ಯಾಯವಾದಿ ಯಾಕೊಬ್ ಸ್ಖೋರರ್ 1912ರಲ್ಲಿ ಹಿರ್ಶ್‌ಫೆಲ್ಡ್‌ರ ಮಾದರಿಯಲ್ಲಿ ಒಂದು ಸಮಿತಿ ಕಟ್ಟಿದರು, ವರ್ಷಗಟ್ಟಲೆ ಶ್ರಮಿಸಿ ಒಂದು ಗ್ರಂಥಾಲಯವನ್ನು ಕೂಡಿಸಿದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿತು. ಸ್ಖೋರರ್ ಅವರ ಗ್ರಂಥಾಲಯವನ್ನು ವಶಪಡಿಸಿಕೊಂಡರು. ಆ ವರ್ಷವಷ್ಟೇ ಹುಟ್ಟಿದ್ದ 'ಲೇವನ್ಸ್‌ರೆಖ್ಟ್' ಎಂಬ ಪತ್ರಿಕೆ ನಿಂತುಹೋಯಿತು. ಆ ಹೆಸರಿನ ಅರ್ಥ 'ಬದುಕುವ ಹಕ್ಕು'.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಪತ್ರಿಕೆಯ ಗೆಳೆಯರು ಆಮ್‌ಸ್ಟರ್‌ಡಾಮ್‌ನಲ್ಲಿ ಒಂದು ಕೂಟ ಆರಂಭಿಸಿದರು. ಮೊದಲು ಅದರ ಹೆಸರು ಶೇಕ್ಸ್‌ಪಿಯರ್ ಕ್ಲಬ್. ನಂತರ 'ಸಂಸ್ಕೃತಿ ಮತ್ತು ವಿರಾಮ ಕೇಂದ್ರ' ಎಂಬರ್ಥದ ಡಚ್ ಹೆಸರಿನ ಮೊದಲಕ್ಷರಗಳಿಂದ ಸಿ.ಓ.ಸಿ. ಎಂದಾಯಿತು. ಹೆಸರಿನಲ್ಲಿ ಎಲ್ಲಿಯೂ ತಮ್ಮ ವಿಷಯದ ಸುಳಿವಿಲ್ಲ. ಬಿಡುಗಡೆಯಾದ ದೇಶದಲ್ಲೂ ಅಷ್ಟು ಎಚ್ಚರ ಬೇಕಿತ್ತು. 248ಬಿಸ್ ಕಲಮು ಹೋದದ್ದು 1971ರಲ್ಲಿ. ಸಿ.ಓ.ಸಿ.ಗೆ ಸರ್ಕಾರದ ಕಾನೂನುಬದ್ಧ ಮಾನ್ಯತೆ ಸಿಕ್ಕಿದ್ದು 1973ರಲ್ಲಿ.

ತೆಗೆದು ಹಾಕಿದ ಪುಷ್ಪಚಕ್ರ

ಆಮ್‌ಸ್ಟರ್‌ಡಾಮ್‌ನ ನಡುವೆ ಡಾಮ್ ಚೌಕವಿದೆ. ಅಲ್ಲಿ 1956ರ ಮೇ 4ರಂದು ರಾಣಿ ಯೂಲಿಯಾನಾ ರಾಷ್ಟ್ರೀಯ ಯುದ್ಧ ಸ್ಮಾರಕವನ್ನು ಅನಾವರಣ ಮಾಡಿದರು. ಅದು ನಮಗೆ ಪರಿಚಯವಿರುವ ಬಗೆಯ ಎತ್ತರದ ಕಂಬ. ಅದರ ಹಿಂದಿನ ಗೋಡೆಯಲ್ಲಿ ದೇಶದ ಆಗಿನ 11 ಪ್ರಾಂತ್ಯಗಳಿಂದಲೂ ಡಚ್ ಈಸ್ಟ್ ಇಂಡೀಸ್‌ನಿಂದಲೂ ತಂದ ಮಣ್ಣಿನ ಕುಂಭಗಳಿವೆ. ಎಲ್ಲ ಊರಿನ ಮಣ್ಣೂ ಒಂದೇ ಕಡೆ ಸೇರಲಿ ಎಂಬ ಭಾವನೆ. ಪ್ರತಿ ವರ್ಷ ಮೇ 4ರ ರಾತ್ರಿ ಎಂಟು ಗಂಟೆಗೆ ಇಡೀ ದೇಶ ಎರಡು ನಿಮಿಷ ಮೌನವಾಗಿ ನಿಲ್ಲುತ್ತದೆ. ಅದರ ಮರುದಿನ, ಮೇ 5, ವಿಮೋಚನಾ ದಿನ.

1970ರ ಮೇ 4ರಂದು ಯುವ ಸಲಿಂಗಿ ಕಾರ್ಯಕರ್ತರು ಒಂದು ತಿಳಿನೇರಳೆ ಬಣ್ಣದ ಪುಷ್ಪಚಕ್ರವನ್ನು ಹಿಡಿದು ಈ ಚೌಕಕ್ಕೆ ಬಂದರು. ನಾಜಿಗಳಿಗೆ ಬಲಿಯಾದ ಸಲಿಂಗಪ್ರೇಮಿಗಳ ನೆನಪಿಗೆ ಅದನ್ನು ಸ್ಮಾರಕದ ಬುಡದಲ್ಲಿಡಬೇಕೆಂಬುದು ಅವರ ಉದ್ದೇಶ. ಅವರನ್ನು ಬಂಧಿಸಲಾಯಿತು. ಪೊಲೀಸರು ಪುಷ್ಪಚಕ್ರವನ್ನು ತೆಗೆದು ಹಾಕಿದರು. ಅದನ್ನು ಅಲ್ಲಿಟ್ಟದ್ದೇ ಸತ್ತವರಿಗೆ ಮಾಡಿದ ಅಪಮಾನವೆಂದು ಜರೆದವರೂ ಇದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಯುವಕರು ಘೋಷಣೆ ಕೂಗಲು ಬಂದವರಲ್ಲ, ಹೂವಿಡಲು ಬಂದವರು. ಉಳಿದ ಎಲ್ಲರ ಹೂವಿಗೂ ಅಲ್ಲಿ ಜಾಗವಿತ್ತು. ಹನ್ನೆರಡು ಕಡೆಯ ಮಣ್ಣನ್ನು ಒಟ್ಟುಗೂಡಿಸಿದ ಸ್ಮಾರಕಕ್ಕೆ ಒಂದು ಬಣ್ಣದ ಹೂವು ಹೆಚ್ಚಾಯಿತು. ಸತ್ತವರಲ್ಲಿ ಯಾರಿಗಾಗಿ ಎಲ್ಲರೆದುರು ಅಳಬಹುದು, ಯಾರಿಗಾಗಿ ಅಳಬಾರದು ಎಂಬುದನ್ನು ಬದುಕಿರುವವರು ನಿರ್ಧರಿಸಿದ ಗಳಿಗೆ ಅದು.

ಆದರೆ ಆ ದಶಕದಲ್ಲಿ ಇನ್ನೊಂದು ಬೆಳವಣಿಗೆಯೂ ಆಗುತ್ತಿತ್ತು. 1972ರಲ್ಲಿ ಶಿಬಿರದಿಂದ ಬದುಕಿ ಬಂದ ಒಬ್ಬರ ಅನುಭವ ಕಥನ ಹೈನ್ಸ್ ಹೇಗರ್ ಎಂಬ ಹೆಸರಿನಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಬಂತು. ಗುಲಾಬಿ ತ್ರಿಕೋನ ಎಂದರೇನೆಂದು ಹೊಸ ಪೀಳಿಗೆಗೆ ಗೊತ್ತಾಯಿತು. ಪಶ್ಚಿಮ ಜರ್ಮನಿಯ ಕಾರ್ಯಕರ್ತರು ಆ ತ್ರಿಕೋನವನ್ನು ತಾವಾಗಿಯೇ ಎದೆಯ ಮೇಲೆ ಧರಿಸತೊಡಗಿದರು. ಅವಮಾನಕ್ಕೆಂದು ಹೊಲಿದ ಬಟ್ಟೆ ಗುರುತಿನ ಚಿಹ್ನೆಯಾಯಿತು.

ಎಂಟು ವರ್ಷಗಳ ದುಡಿಮೆ

1979ರಲ್ಲಿ ಬಾಬ್ ವಾನ್ ಸ್ಖೈಂಡೆಲ್ ಎಂಬ ಕಾರ್ಯಕರ್ತರು ಮುಂದಾಗಿ, ಆಮ್‌ಸ್ಟರ್‌ಡಾಮ್‌ನಲ್ಲಿ ಸಲಿಂಗಪ್ರೇಮಿಗಳಿಗಾಗಿ ಒಂದು ಸ್ಮಾರಕ ಬೇಕೆಂಬ ಸಲಹೆಯನ್ನಿಟ್ಟರು. ಗೇ ಮತ್ತು ಲೆಸ್ಬಿಯನ್ ಸಂಘಟನೆಗಳು ಕೈಗೂಡಿಸಿದವು. ಅದಕ್ಕೆಂದೇ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು. ವಿನ್ಯಾಸಕ್ಕೆ ಕಲಾವಿದರನ್ನು ಆಹ್ವಾನಿಸಿ, ಕಲೆಯಲ್ಲಿ ಪರಿಣತರಾದವರ ಮಂಡಳಿಯೊಂದು ಆಯ್ಕೆ ಮಾಡಿತು. ಆಯ್ಕೆಯಾದದ್ದು ಶಿಲ್ಪಿ ಕರೀನ್ ಡಾನ್ ಅವರ ವಿನ್ಯಾಸ.

ಹಣ ಕೂಡಿಸಲು ಎಂಟು ವರ್ಷ ಹಿಡಿಯಿತು. ನಮ್ಮಲ್ಲಿ ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವವರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಹೆಚ್ಚಿನ ಪಾಲು ಬಂದದ್ದು ವ್ಯಕ್ತಿಗಳಿಂದ, ಸಂಘಗಳಿಂದ. ಡಚ್ ಸಂಸತ್ತು, ಆಮ್‌ಸ್ಟರ್‌ಡಾಮ್ ನಗರಾಡಳಿತ, ಉತ್ತರ ಹಾಲೆಂಡ್ ಪ್ರಾಂತ್ಯ ಇವೂ ತಮ್ಮ ಪಾಲು ಕೊಟ್ಟವು. 1970ರಲ್ಲಿ ಹೂವನ್ನು ತೆಗೆಸಿದ ವ್ಯವಸ್ಥೆಯೇ ಈಗ ಕಲ್ಲಿಗೆ ಹಣ ಕೊಡುವಂತಾಯಿತು. ಇದು ತಾನಾಗಿ ಆದ ಬದಲಾವಣೆಯಲ್ಲ. ಅರ್ಜಿ ಬರೆದು, ಸಭೆಗಳಲ್ಲಿ ಕಾದು ಕುಳಿತು, ಪ್ರತಿ ಕಚೇರಿಗೂ ಮತ್ತೆ ಮತ್ತೆ ಹೋಗಿ ತಂದ ಬದಲಾವಣೆ. ಸ್ಮಾರಕಗಳ ಇತಿಹಾಸ ಬರೆಯುವಾಗ ನಾವು ಶಿಲ್ಪಿಯ ಹೆಸರನ್ನು ಬರೆಯುತ್ತೇವೆ, ಈ ಓಡಾಟವನ್ನು ಬರೆಯುವುದಿಲ್ಲ.

1987ರ ಸೆಪ್ಟೆಂಬರ್ 5ರಂದು 'ಹೋಮೋಮೊನುಮೆಂಟ್' ಉದ್ಘಾಟನೆಯಾಯಿತು. ಅದು ಏಡ್ಸ್ ರೋಗ ಈ ಸಮುದಾಯದ ಮನೆಮನೆಯಲ್ಲೂ ಸಾವು ತರುತ್ತಿದ್ದ ಕಾಲ. ಅದೇ ವರ್ಷ ನ್ಯೂಯಾರ್ಕಿನ ಗೋಡೆಗಳ ಮೇಲೆ, ಮೌನವೆಂದರೆ ಸಾವು ಎಂದು ಸಾರುವ ಭಿತ್ತಿಪತ್ರಗಳಲ್ಲಿ, ಇದೇ ಗುಲಾಬಿ ತ್ರಿಕೋನ ಕಾಣಿಸಿಕೊಂಡಿತ್ತು. ನಲವತ್ತು ವರ್ಷ ಹಿಂದಿನ ಸಾವುಗಳಿಗಾಗಿ ಕಟ್ಟಿದ ಜಾಗಕ್ಕೆ ಹೊಸ ಸಾವುಗಳ ನೆನಪು ಹೊತ್ತವರೂ ಬರತೊಡಗಿದರು.

ಕಲ್ಲು ತೋರುವ ದಿಕ್ಕು

ಈಗ ಸ್ಮಾರಕದ ರಚನೆಗೆ ಬರೋಣ. ನಗರದ ವೆಸ್ಟರ್‌ಕೆರ್ಕ್ ಎಂಬ ಹಳೆಯ ಚರ್ಚಿನ ಪಕ್ಕದಲ್ಲಿ, ಕೈಜರ್ಸ್‌ಖ್ರಾಖ್ಟ್ ಕಾಲುವೆಯ ದಡದಲ್ಲಿ, ಗುಲಾಬಿ ಗ್ರಾನೈಟಿನ ಮೂರು ತ್ರಿಕೋನಗಳಿವೆ. ಒಂದೊಂದರ ಬಾಹು 10 ಮೀಟರ್. ಈ ಮೂರೂ ಒಂದು ದೊಡ್ಡ ತ್ರಿಕೋನದ ಮೂರು ಮೂಲೆಗಳಲ್ಲಿ ಕೂತಿವೆ. ದೊಡ್ಡದರ ಬಾಹು 36 ಮೀಟರ್. ಮೂಲೆಯಿಂದ ಮೂಲೆಗೆ ನೆಲದಲ್ಲಿ ಗುಲಾಬಿ ಕಲ್ಲಿನ ತೆಳು ಪಟ್ಟಿ ಹಾದುಹೋಗಿದೆ.

ಒಂದು ತ್ರಿಕೋನ ಮೆಟ್ಟಿಲುಗಳಾಗಿ ಕಾಲುವೆಯ ನೀರಿಗೆ ಇಳಿಯುತ್ತದೆ. ಇನ್ನೊಂದು ರಸ್ತೆಯ ಮಟ್ಟಕ್ಕೇ ಇದೆ, ಜನ ಅದರ ಮೇಲೆ ನಡೆದುಹೋಗುತ್ತಾರೆ. ಮೂರನೆಯದು ನೆಲದಿಂದ 60 ಸೆಂಟಿಮೀಟರ್ ಎದ್ದಿದೆ, ಕೂರಲು ಹೇಳಿ ಮಾಡಿಸಿದ ಜಗಲಿಯಂತೆ. ನಮ್ಮ ತುಣುಕಿನ ಹುಡುಗಿ ಬುತ್ತಿ ಬಿಚ್ಚಿ ಕೂತಿದ್ದದ್ದು ಈ ಜಗಲಿಯ ಮೇಲೆ.

ಪ್ರತಿ ತ್ರಿಕೋನದ ಮೊನೆಯೂ ಒಂದು ದಿಕ್ಕನ್ನು ತೋರುತ್ತದೆ. ನೀರಿಗಿಳಿದ ತ್ರಿಕೋನ ಡಾಮ್ ಚೌಕದ ರಾಷ್ಟ್ರೀಯ ಸ್ಮಾರಕದತ್ತ ಮುಖ ಮಾಡಿದೆ, 1970ರಲ್ಲಿ ಹೂವನ್ನು ಹಿಂದೆ ಕಳುಹಿಸಿದ ಅದೇ ಸ್ಮಾರಕ. ನೆಲಮಟ್ಟದ ತ್ರಿಕೋನ, ಚರ್ಚಿನಾಚೆ ಪ್ರಿನ್ಸನ್‌ಖ್ರಾಖ್ಟ್ ಕಾಲುವೆಯ ಮೇಲಿರುವ ಆನ್ ಫ್ರಾಂಕ್ ಅಡಗಿದ್ದ ಮನೆಯತ್ತ ತೋರುತ್ತದೆ. ಜಗಲಿಯ ಮೊನೆ, ಸ್ಮಾರಕ ಕಟ್ಟಿದಾಗ ರೋಝನ್‌ಸ್ಟ್ರಾಟ್ ಬೀದಿಯಲ್ಲಿದ್ದ ಸಿ.ಓ.ಸಿ. ಕಚೇರಿಯ ಕಡೆಗಿದೆ. ಆನ್ ಫ್ರಾಂಕ್ ಮನೆಯತ್ತ ತೋರುವುದು ಭೂತಕಾಲ, ರಾಷ್ಟ್ರೀಯ ಸ್ಮಾರಕದತ್ತ ತೋರುವುದು ವರ್ತಮಾನ, ಹಕ್ಕುಗಳಿಗಾಗಿ ದುಡಿಯುವ ಸಂಘದತ್ತ ತೋರುವುದು ಭವಿಷ್ಯ ಎಂದು ಇದನ್ನು ಅರ್ಥೈಸುತ್ತಾರೆ.

ನೆಲಮಟ್ಟದ ಕಲ್ಲಿನ ಮೇಲೆ ಕವಿ ಯಾಕೊಬ್ ಇಸ್ರೇಲ್ ಡ ಹಾನ್ ಅವರ ಕವನದ ಒಂದು ಸಾಲನ್ನು ಕೆತ್ತಲಾಗಿದೆ. 1881ರಲ್ಲಿ ಹುಟ್ಟಿದ ಈ ಕವಿ ಯೆಹೂದಿ, ಜತೆಗೆ ಸಲಿಂಗಪ್ರೇಮಿ. 1924ರಲ್ಲಿ ಜೆರೂಸಲೇಮಿನಲ್ಲಿ ಅವರ ಕೊಲೆಯಾಯಿತು. ಅಳತೆಯಿಲ್ಲದ ಸ್ನೇಹದ ಹಂಬಲವನ್ನು ಹೇಳುವ ಸಾಲು ಅದು. ಯುದ್ಧದ ಮಾತಾಗಲಿ, ವೈರಿಯ ಹೆಸರಾಗಲಿ ಅದರಲ್ಲಿಲ್ಲ.

ಹಳೆಯ ಅಭ್ಯಾಸಬಲದಿಂದ ನಾನೊಂದು ಲೆಕ್ಕ ಮಾಡಿದೆ. 10 ಮೀಟರ್ ಬಾಹುವಿನ ಸಮಬಾಹು ತ್ರಿಕೋನದ ವಿಸ್ತೀರ್ಣ ಸುಮಾರು 43 ಚದರ ಮೀಟರ್. ಮೂರು ಸೇರಿದರೆ 130. ದೊಡ್ಡ ತ್ರಿಕೋನದ ವಿಸ್ತೀರ್ಣ ಸುಮಾರು 561. ಅಂದರೆ ಈ ಸ್ಮಾರಕದಲ್ಲಿ ತ್ರಿಕೋನದ ಕಲ್ಲು ಆವರಿಸಿರುವುದು ಕಾಲು ಭಾಗಕ್ಕಿಂತಲೂ ಕಡಿಮೆ. ಉಳಿದ ಮುಕ್ಕಾಲಕ್ಕೂ ಹೆಚ್ಚು ಭಾಗ ಯಾರು ಬೇಕಾದರೂ ನಡೆದಾಡುವ ಸಾಮಾನ್ಯ ಜಾಗ. ತರಕಾರಿ ಚೀಲ ಹಿಡಿದು ಹೋಗುವವರು, ಪ್ರವಾಸಿಗಳು, ಶಾಲೆಗೆ ಹೊರಟ ಮಕ್ಕಳು ತಮಗೆ ಗೊತ್ತಿಲ್ಲದೆಯೇ ಅದರ ಒಳಗೆ ಹಾದುಹೋಗುತ್ತಾರೆ. ಇಷ್ಟು ವರ್ಷ ಊರ ಹೊರಗಿಟ್ಟವರು ತಮ್ಮ ಸ್ಮಾರಕ ಕಟ್ಟುವ ಸಂದರ್ಭ ಬಂದಾಗ ಊರಿಗೆ ಬೇಲಿ ಹಾಕಲಿಲ್ಲ. ಊರನ್ನೇ ಒಳಗೆ ಕರೆದುಕೊಂಡರು.

ಬೇರೆ ಸ್ಮಾರಕ ಏಕೆ ಬೇಕು?

ನಮ್ಮ ಸಂವಾದದಲ್ಲಿಯೂ ಈ ಪ್ರಶ್ನೆ ಬಂದಿತ್ತು. ಸತ್ತವರೆಲ್ಲರೂ ಮನುಷ್ಯರೇ ಅಲ್ಲವೇ, ಎಲ್ಲರಿಗೂ ಒಂದೇ ಸ್ಮಾರಕ ಸಾಲದೇ? ಈ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರ 1970ರ ಘಟನೆಯಲ್ಲಿದೆ. ಎಲ್ಲರ ಸ್ಮಾರಕಕ್ಕೆ ಅವರು ಮೊದಲು ಹೋಗಿಯೇ ಇದ್ದರು. ಅಲ್ಲಿ ಜಾಗ ಸಿಗದಿದ್ದಾಗ ಬೇರೆ ಕಟ್ಟಿದರು. ಕಟ್ಟಿದ ಮೇಲೂ ಒಂದು ಮೊನೆಯನ್ನು ಆ ಕಡೆಗೇ ತಿರುಗಿಸಿಟ್ಟರು.

ಇನ್ನೊಂದು ಆಕ್ಷೇಪ ಸಂಖ್ಯೆಗೆ ಸಂಬಂಧಿಸಿದ್ದು. ಜರ್ಮನ್ ಆಡಳಿತ 1940ರಲ್ಲಿ ತನ್ನ ಕಾನೂನನ್ನು ನೆದರ್ಲೆಂಡ್ಸ್‌ಗೂ ತಂದಿತು. ಆದರೂ ಕೇವಲ ಸಲಿಂಗಪ್ರೇಮದ ಕಾರಣಕ್ಕೆ ಅಲ್ಲಿಂದ ಶಿಬಿರಕ್ಕೆ ಹೋದವರು ಬಹಳ ಕಡಿಮೆ ಎಂದು ಇತಿಹಾಸಕಾರರ ಸಂಶೋಧನೆ ತೋರಿಸಿದೆ. ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಏಕೆಂದರೆ ಈ ಸ್ಮಾರಕವನ್ನು ಬರೀ ನಾಜಿಗಳಿಗೆ ಬಲಿಯಾದವರಿಗೆಂದು ಕಟ್ಟಿಲ್ಲ. ಸಲಿಂಗಪ್ರೇಮಿಗಳೆಂಬ ಕಾರಣಕ್ಕೆ ಯಾವ ಕಾಲದಲ್ಲಾದರೂ, ಯಾವ ದೇಶದಲ್ಲಾದರೂ ಕಿರುಕುಳಕ್ಕೆ ಒಳಗಾದ, ಈಗಲೂ ಒಳಗಾಗುತ್ತಿರುವ ಎಲ್ಲ ಗಂಡಸರಿಗೂ ಹೆಂಗಸರಿಗೂ ಅದು ಅರ್ಪಿತ. ಆದ್ದರಿಂದಲೇ ಅದನ್ನು ಯುದ್ಧ ಸ್ಮಾರಕ ಎನ್ನುವುದಕ್ಕಿಂತ ಮಾನವ ಹಕ್ಕುಗಳ ಸ್ಮಾರಕ ಎನ್ನುವುದು ಹೆಚ್ಚು ಸರಿ.

ಸಂಖ್ಯೆಯಲ್ಲಿ ಸಿಗದ ಇನ್ನೊಂದು ನಷ್ಟವೂ ಇದೆ, ಹೆಸರು ಉಳಿದು ಗುರುತು ಅಳಿಸಿಹೋಗುವ ನಷ್ಟ. ವಿಲ್ಲೆಮ್ ಅರೊಂಡೆಯುಸ್ ಎಂಬ ಚಿತ್ರಕಾರ, ಲೇಖಕ ಡಚ್ ಪ್ರತಿರೋಧ ಚಳವಳಿಯಲ್ಲಿದ್ದರು. ಯೆಹೂದಿಗಳನ್ನು ಪತ್ತೆಹಚ್ಚಲು ನಾಜಿಗಳು ಆಮ್‌ಸ್ಟರ್‌ಡಾಮ್‌ನ ಜನನೋಂದಣಿ ಕಚೇರಿಯ ಚೀಟಿಗಳನ್ನು ಬಳಸುತ್ತಿದ್ದರು. ಸುಳ್ಳು ಗುರುತಿನ ಪತ್ರ ಮಾಡಿಕೊಟ್ಟರೂ ಕಚೇರಿಯ ಮೂಲ ದಾಖಲೆಯೊಂದಿಗೆ ಹೋಲಿಸಿದರೆ ಸಿಕ್ಕಿಬೀಳುತ್ತಿತ್ತು. 1943ರ ಮಾರ್ಚ್ 27ರ ರಾತ್ರಿ ಅರೊಂಡೆಯುಸ್ ಮತ್ತು ಸಂಗಡಿಗರು ಪೊಲೀಸರ ವೇಷದಲ್ಲಿ ಆ ಕಚೇರಿಯನ್ನು ಹೊಕ್ಕು, ಕಾವಲುಗಾರರಿಗೆ ಮಂಪರು ಬರಿಸಿ ಹೊರಗೆ ಸಾಗಿಸಿ, ಸ್ಫೋಟಕಗಳಿಂದ ದಾಖಲೆಗಳಿಗೆ ಬೆಂಕಿ ಇಟ್ಟರು. ಕೆಲ ದಿನಗಳಲ್ಲೇ ಗುಂಪು ಸಿಕ್ಕಿಬಿತ್ತು. ಜುಲೈ 1ರಂದು ಅರೊಂಡೆಯುಸ್ ಅವರನ್ನು ಸಂಗಡಿಗರೊಂದಿಗೆ ಗುಂಡಿಕ್ಕಿ ಕೊಂದರು. ಸಲಿಂಗಪ್ರೇಮಿಗಳು ಹೇಡಿಗಳಲ್ಲ ಎಂಬುದನ್ನು ಜನರಿಗೆ ತಿಳಿಸಿ ಎಂದು ಅವರು ಸಾಯುವ ಮೊದಲು ಕೇಳಿಕೊಂಡಿದ್ದರು.

ಆ ಮಾತು ಜನರಿಗೆ ತಲುಪಲು ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಅವರ ಸಾಹಸಕ್ಕೆ 1984ರಲ್ಲಿ ಡಚ್ ಪ್ರತಿರೋಧ ಪದಕ ಬಂತು, 1986ರಲ್ಲಿ ಇಸ್ರೇಲಿನ ಯಾದ್ ವಾಶೇಮ್ ಸಂಸ್ಥೆಯ ಗೌರವ ಬಂತು. ಆದರೆ ಅವರು ಯಾರೆಂಬುದು ವ್ಯಾಪಕವಾಗಿ ತಿಳಿದದ್ದು 1990ರಲ್ಲಿ ಟೋನಿ ಬೌಮನ್ಸ್ ಮಾಡಿದ ಒಂದು ಟೆಲಿವಿಷನ್ ಸಾಕ್ಷ್ಯಚಿತ್ರದಿಂದ. ನನ್ನ ವೃತ್ತಿಯವರಿಗೆ ಇದು ಸ್ವಲ್ಪ ಹೆಮ್ಮೆಯ ವಿಷಯ, ಸ್ವಲ್ಪ ನಾಚಿಕೆಯ ವಿಷಯವೂ ಹೌದು. ಒಂದು ಸಣ್ಣ ಸತ್ಯವನ್ನು ಹೇಳಲು ಅಷ್ಟು ದಶಕ ಏಕೆ ಬೇಕಾಯಿತು?

ಅದೇ ಪ್ರತಿರೋಧ ಬಳಗದಲ್ಲಿ ಫ್ರೀಡಾ ಬೆಲಿನ್‌ಫಾಂಟೆ ಎಂಬ ಲೆಸ್ಬಿಯನ್ ಮಹಿಳೆಯಿದ್ದರು. ಚೆಲ್ಲೋ ವಾದಕಿ, ವಾದ್ಯವೃಂದದ ನಿರ್ದೇಶಕಿ. ಬಳಗ ಸಿಕ್ಕಿಬಿದ್ದ ಮೇಲೆ ಅವರು ಗಂಡಸಿನ ವೇಷದಲ್ಲಿ ಅಡಗಿದ್ದು, ಕೊನೆಗೆ ಸ್ವಿಟ್ಜರ್ಲೆಂಡಿಗೆ ದಾಟಿ ಉಳಿದುಕೊಂಡರು. ಯುದ್ಧದ ನಂತರ ಅಮೆರಿಕಕ್ಕೆ ಹೋಗಿ ಸಂಗೀತದಲ್ಲೇ ಬಾಳಿದರು, 1995ರಲ್ಲಿ ನಿಧನರಾದರು. ಇಂಥವರ ಕಥೆಗಳನ್ನು ಯಾರೂ ಸುಟ್ಟುಹಾಕಲಿಲ್ಲ. ಅವುಗಳ ಒಂದು ಪುಟವನ್ನು ಮಾತ್ರ ಮಡಿಚಿಟ್ಟಿದ್ದರು. ಆ ಪುಟವನ್ನು ಬಿಡಿಸಿ ಓದಲು ಬೇಕಾದ ಧೈರ್ಯವನ್ನು ಒಂದು ಸಾರ್ವಜನಿಕ ಸ್ಮಾರಕ ಕೊಡಬಲ್ಲದು.

ಆಮೇಲೆ

ಈ ದಾರಿಯಲ್ಲಿ ಆಮ್‌ಸ್ಟರ್‌ಡಾಮ್ ಒಂಟಿಯಲ್ಲ. ಆಸ್ಟ್ರಿಯಾದ ಮೌಟ್‌ಹೌಸನ್ ಶಿಬಿರದಲ್ಲಿ 1984ರಲ್ಲಿಯೇ ವಿಯೆನ್ನಾದ ಸಂಘಟನೆಯೊಂದು ಗುಲಾಬಿ ತ್ರಿಕೋನದ ಕಲ್ಲುಫಲಕವನ್ನು ಇಡಿಸಿತ್ತು. 1985ರ ಮೇ 8ರಂದು ಪಶ್ಚಿಮ ಜರ್ಮನಿಯ ಅಧ್ಯಕ್ಷ ರಿಚರ್ಡ್ ಫಾನ್ ವೈಟ್ಸೆಕರ್ ತಮ್ಮ ಪ್ರಸಿದ್ಧ ಭಾಷಣದಲ್ಲಿ ನಾಜಿಗಳಿಗೆ ಬಲಿಯಾದವರ ಸಾಲಿನಲ್ಲಿ ಸಲಿಂಗಪ್ರೇಮಿಗಳನ್ನೂ ಹೆಸರಿಸಿದರು. ಬರ್ಲಿನ್ನಿನಲ್ಲಿ ಜರ್ಮನ್ ಸರ್ಕಾರದ ಸ್ಮಾರಕ ತೆರೆದದ್ದು 2008ರಲ್ಲಿ. ಸಿಡ್ನಿಯಲ್ಲಿ 2001ರಲ್ಲಿ, ಟೆಲ್ ಅವೀವ್‌ನಲ್ಲಿ 2014ರಲ್ಲಿ ಸ್ಮಾರಕಗಳು ಬಂದವು. ನೆದರ್ಲೆಂಡ್ಸ್ 2001ರ ಏಪ್ರಿಲ್ 1ರಿಂದ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟು, ಹಾಗೆ ಮಾಡಿದ ಮೊದಲ ದೇಶವಾಯಿತು. ಮೊದಲ ಮದುವೆಗಳನ್ನು ಆಮ್‌ಸ್ಟರ್‌ಡಾಮ್‌ನ ಮೇಯರ್ ಯೋಬ್ ಕೊಹೆನ್ ಅವರೇ ನಡೆಸಿಕೊಟ್ಟರು.

ನಮ್ಮ ದೇಶದಲ್ಲಿ 377ನೆಯ ಕಲಮಿನ ಹಿಡಿತದಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೆ ನೆಲೆ ಒದಗಿಸಿದ್ದು ಹಿಂದಿನ ವರ್ಷದ ಖಾಸಗಿತನದ ತೀರ್ಪು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬುದನ್ನು ಕನ್ನಡಿಗರು ನೆನೆಯಬೇಕು. 1860ರ ಸಂಹಿತೆಯೇ 2024ರ ಜುಲೈ 1ರಂದು ಹಿಂದೆ ಸರಿಯಿತು. ಕಾನೂನಿನ ಪುಟ ತಿರುಗಿದ ಮಾತ್ರಕ್ಕೆ ಮನೆಯೊಳಗಿನ ಮೌನ ಮುರಿಯುವುದಿಲ್ಲ ಎಂಬುದನ್ನು ಮಾತ್ರ 1945ರ ನಂತರದ ಯುರೋಪು ನಮಗೆ ಕಲಿಸಬಹುದು.

ಇಂದು ಮೇ 4ರಂದು ಹೋಮೋಮೊನುಮೆಂಟ್ ಬಳಿ ಜನ ಮೌನವಾಗಿ ಸೇರುತ್ತಾರೆ. ನೀರಿಗಿಳಿದ ಮೆಟ್ಟಿಲುಗಳ ಮೇಲೆ ಹೂವಿಡುತ್ತಾರೆ. ಮರುದಿನ ಅದೇ ಜಾಗದಲ್ಲಿ ಹಾಡು, ಕುಣಿತ. ಉಳಿದ ದಿನಗಳಲ್ಲೂ ಯಾರೋ ಒಬ್ಬರು ಇಟ್ಟುಹೋದ ಒಂದೆರಡು ಹೂಗಳು ಅಲ್ಲಿರುತ್ತವೆ. ಅವುಗಳನ್ನು ಯಾವ ಪೊಲೀಸರೂ ತೆಗೆಯುವುದಿಲ್ಲ.

ಆ ದಿನ ಸಂಕಲನ ಕೊಠಡಿಯಲ್ಲಿ ಈ ಕಥೆಯನ್ನೆಲ್ಲ ಕೇಳಿದ ಮೇಲೆ ನಮ್ಮ ಸಂಕಲನಕಾರರು ತುಣುಕನ್ನು ಮತ್ತೊಮ್ಮೆ ಓಡಿಸಿದರು. ಹುಡುಗಿ ಊಟ ಮುಗಿಸಿ, ಕೈ ಕೊಡವಿ, ಎದ್ದು ಹೋದಳು. ಬರಿದಾದ ಗುಲಾಬಿ ಕಲ್ಲು ನಾಲ್ಕೈದು ಕ್ಷಣ ಪರದೆಯ ಮೇಲೆ ಉಳಿಯಿತು. ಅಲ್ಲಿಗೆ ಕತ್ತರಿಸಿ ಎಂದು ನಾನು ಹೇಳಬೇಕಿತ್ತು. ಅಷ್ಟರಲ್ಲಿ ಅವರೇ, "ಇದನ್ನ ಇನ್ನೂ ಸ್ವಲ್ಪ ಹೊತ್ತು ಇಡೋಣ ಸಾರ್" ಎಂದರು. ಇಟ್ಟೆವು.